ಐದಕ್ಕೆ ಮೂರು

ದಿಂಬು ಎತ್ತರವಾಯಿತು ಎಂದು ಒಬ್ಬ ನಾಲ್ಕು ನಕ್ಷತ್ರ ಕೊಟ್ಟು ಹೋದ. ಅವನ ಹಿಂದೆಯೇ ಬಂದವಳು ದಿಂಬು ತೀರ ತೆಳುವಾಯಿತು ಎಂದು ನಾಲ್ಕು ಕೊಟ್ಟಳು. ದಿಂಬು ಅದೇ, ನಾನು ಬದಲಾಯಿಸಿದ್ದು ಕವರು ಮಾತ್ರ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎಂಬ ಗಾದೆ ಕಟ್ಟಿದವರಿಗೆ ಅಂಥ ಗಂಡ ಒಬ್ಬನೇ ಇದ್ದಿರಬೇಕು. ನಮ್ಮ ಮನೆಗೆ ವಾರಕ್ಕೆ ಇಬ್ಬರು ಮೂವರು ಬರುತ್ತಿದ್ದರು, ಬಂದವರೆಲ್ಲ ಕಲ್ಲು ಹುಡುಕುತ್ತಿದ್ದರು.

ಅವತ್ತು ಊಟಕ್ಕೆ ಕೂತಾಗ ನನ್ನ ನಾದಿನಿ ಫೋನು ನೋಡಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು.

"ನಾಲ್ಕು ಪಾಯಿಂಟ್ ಏಳಕ್ಕೆ ಇಳಿದುಬಿಟ್ವಿ."

"ಯಾರು ಇಳಿದದ್ದು?" ಎಂದರು ಅತ್ತೆ.

"ಮೇಲಿನ ಕೋಣೆ, ಅಮ್ಮ. ಮೂರು ತಿಂಗಳ ಲೆಕ್ಕ ಹಾಕೋವಾಗ ನಾಲ್ಕು ಪಾಯಿಂಟ್ ಎಂಟಕ್ಕಿಂತ ಕೆಳಗಿದ್ರೆ ಚಿನ್ನದ ಬ್ಯಾಡ್ಜ್ ಕಿತ್ಕೋತಾರೆ."

"ಐದಕ್ಕೆ ನಾಲ್ಕು ಅಂದ್ರೆ ನೂರಕ್ಕೆ ಎಂಬತ್ತು. ಡಿಸ್ಟಿಂಕ್ಷನ್ನು. ಅದಕ್ಯಾಕೆ ಊಟ ಬಿಡ್ತೀಯ?"

"ಇಲ್ಲಿ ನಾಲ್ಕು ಅಂದ್ರೆ ಫೇಲು."

"ಐದು ಅಂದ್ರೆ?"

"ಐದು ಅಂದ್ರೆ ಪಾಸು."

"ಮತ್ತೆ ಒಂದು, ಎರಡು, ಮೂರು ಯಾತಕ್ಕೆ ಇಟ್ಟಿದ್ದಾರೆ? ಅಲಂಕಾರಕ್ಕಾ?"

ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪಬ್ಲಿಕ್ ಪರೀಕ್ಷೆಯ ಪೇಪರುಗಳನ್ನು ಕಂತೆಗಟ್ಟಲೆ ತಿದ್ದಿದವರು. ಅವರ ಕೈಯಲ್ಲಿ ಪೂರ್ತಿ ಅಂಕ ತೆಗೆದುಕೊಂಡ ಮಗು ಇನ್ನೂ ಹುಟ್ಟಿಲ್ಲ. ಲೆಕ್ಕವೆಲ್ಲ ಸರಿಯಿದ್ದರೂ ಅಂಚಿನಲ್ಲಿ ಗೆರೆ ಹೊಡೆದಿಲ್ಲ, ಉತ್ತರದ ಮುಂದೆ ಮೀಟರೋ ಲೀಟರೋ ಬರೆದಿಲ್ಲ ಎಂದು ಎಲ್ಲಾದರೊಂದು ಕಡೆ ಅರ್ಧ ಅಂಕ ಹಿಡಿಯುತ್ತಿದ್ದರಂತೆ. ಮಕ್ಕಳೆಲ್ಲ ಹಿಂದಿನಿಂದ ಅವರನ್ನು ಅರ್ಧಮಾರ್ಕು ಅನ್ನುತ್ತಿದ್ದರು. ಅದು ಅತ್ತೆಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಇಂಥ ತಾಯಿಗೆ ಹುಟ್ಟಿದ ಮಗಳು ಅಳೆಯುವ ಕೆಲಸಕ್ಕೇ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ. ಮನೆಯಲ್ಲಿ ಕೋಣೆ ಇದ್ದವರು ಅದನ್ನು ಒಂದು ದಿನಕ್ಕೋ ಒಂದು ವಾರಕ್ಕೋ ಬಾಡಿಗೆಗೆ ಕೊಡುವ ಜಾಲತಾಣವೊಂದಿದೆ. ನಾದಿನಿಗೆ ಅದರ ಆಫೀಸಿನಲ್ಲಿ ಕೆಲಸ. ಕೊಡಿಸುವುದೂ ಅಲ್ಲ, ಕೊಳ್ಳುವುದೂ ಅಲ್ಲ, ಬರೀ ಅಳೆಯುವುದು. ಎಷ್ಟು ಜನ ನೋಡಿದರು, ನೋಡಿದವರಲ್ಲಿ ಎಷ್ಟು ಜನ ಬುಕ್ ಮಾಡಿದರು, ಯಾವ ಕೋಣೆ ತಿಂಗಳಲ್ಲಿ ಎಷ್ಟು ಭರ್ತಿಯಾಯಿತು, ಮಾಲೀಕರು ಎಷ್ಟು ಬೇಗ ಉತ್ತರ ಕೊಟ್ಟರು, ಬಂದವರು ಮತ್ತೆ ಬಂದರೋ ಇಲ್ಲವೋ. ನಮ್ಮವರು ತಂಗಿಗೆ ಮೀಟರು ಎಂದು ಹೆಸರಿಟ್ಟಿದ್ದರು. ಕಾಲೇಜಿಗೆ ಹೋಗುವ ನನ್ನ ಮಗಳಿಗೆ ಅವಳು ಮೀಟರತ್ತೆ.

ನಮ್ಮವರದು ಫ್ರಿಜ್ ರಿಪೇರಿ. ಅಂಗಡಿ ಇದ್ದ ಕಟ್ಟಡವನ್ನು ರಸ್ತೆ ಅಗಲ ಮಾಡಲು ಕೆಡವಿದಾಗ ಅವರು ಸಾಮಾನೆಲ್ಲ ತಂದು ಹಿತ್ತಲಲ್ಲಿ ಹಾಕಿ ಕೂತುಬಿಟ್ಟರು. ಆಗ ನಾದಿನಿ, "ಅಮ್ಮನ ಕೋಣೆ ಜಾಲತಾಣಕ್ಕೆ ಹಾಕೋಣ, ಅಣ್ಣಂಗೆ ಇನ್ನೊಂದು ಅಂಗಡಿ ಸಿಗೋ ತನಕ," ಎಂದಳು. ಅತ್ತೆ ಒಂದು ಮಾತೂ ಆಡದೆ ಹಾಸಿಗೆ ಸುತ್ತಿಕೊಂಡು ಕೆಳಗೆ ಬಂದರು. ಆ ಕೋಣೆ ಅವರು ನಿವೃತ್ತಿಯ ದುಡ್ಡಿನಲ್ಲಿ ಕಟ್ಟಿಸಿಕೊಂಡದ್ದು. ದೊಡ್ಡ ಕಿಟಕಿ, ಸ್ವಂತ ಬಚ್ಚಲು, ಕುರ್ಚಿ ಹಾಕುವಷ್ಟು ಬಾಲ್ಕನಿ. ಕೆಳಗಿನ ಒಂದು ಕೋಣೆ ನಮ್ಮಿಬ್ಬರದು, ಇನ್ನೊಂದರಲ್ಲಿ ನಾದಿನಿ ಮತ್ತು ಮಗಳು. ಅತ್ತೆಗೆ ಸಿಕ್ಕಿದ್ದು ಹಾಲ್‌ನ ದಿವಾನ, ತಲೆದೆಸೆಗೆ ಚಪ್ಪಲಿ ಸ್ಟ್ಯಾಂಡು. ರಸ್ತೆಯ ದೂಳು ನೇರ ಒಳಗೆ ಬರುತ್ತಿತ್ತು. ಅವರಿಗೆ ಕೆಮ್ಮು ಹತ್ತಿಕೊಂಡಿತು.

ಆ ಕೆಮ್ಮೂ ನಕ್ಷತ್ರದ ಲೆಕ್ಕಕ್ಕೆ ಬಂತು. "ಕೆಳಗೆ ಯಾರೋ ವಯಸ್ಸಾದವರು ಬೆಳಗಿನ ಜಾವ ಕೆಮ್ಮುತ್ತಾರೆ, ನಿದ್ದೆಗೆ ತೊಂದರೆ," ಎಂದು ಒಬ್ಬ ಬರೆದ. ನಾದಿನಿ ಅದನ್ನು ನನಗೆ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಓದಿದಳು.

"ಅತ್ತಿಗೆ, ಅಮ್ಮಂಗೆ ಒಂದು ಸಿರಪ್ಪು ತನ್ನಿ ನಿಮ್ಮ ಅಂಗಡಿಯಿಂದ."

ನಾನು ಬೆಳಿಗ್ಗೆ ಹೊತ್ತು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. "ದೂಳಿಗೆ ಸಿರಪ್ಪು ಬಂದಿಲ್ಲ ಇನ್ನೂ," ಎಂದೆ.

"ಹಾಗಾದ್ರೆ ಅಮ್ಮ ನಮ್ಮ ಕೋಣೇಲಿ ಮಲಗ್ಲಿ."

ಎರಡು ದಿನ ಮಲಗಿದರು. ಮಗಳು ಲೈಟು ಹಾಕಿಕೊಂಡು ಓದಬೇಕು, ನಾದಿನಿ ಫ್ಯಾನಿಲ್ಲದೆ ಮಲಗಲಾರಳು, ಅತ್ತೆಗೆ ಫ್ಯಾನು ಆಗದು. ಮೂರನೇ ದಿನ ಅತ್ತೆ ತಾವಾಗಿಯೇ ದಿವಾನಕ್ಕೆ ವಾಪಸು ಬಂದರು. ಕೆಮ್ಮು ಬಂದಾಗ ಬಾಯಿಗೆ ಟವೆಲು ಒತ್ತಿಕೊಳ್ಳುವುದನ್ನು ರೂಢಿಮಾಡಿಕೊಂಡರು. ಅದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಆದರೆ ಉರಿಯನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಪಾತ್ರೆ ಕುಕ್ಕುತ್ತಿದ್ದೆ.

ಪಾತ್ರೆಯಾದರೂ ಎಷ್ಟು ಕುಕ್ಕುವುದು? ಮಧ್ಯಾಹ್ನ ಮನೆಗೆ ಬಂದರೆ ನನಗಾಗಿ ಹಾಸಿಗೆ ಬಟ್ಟೆಗಳ ಗುಡ್ಡೆ ಕಾದಿರುತ್ತಿತ್ತು. ಒಗೆಯುವುದು, ಒಣಗಿಸುವುದು, ಇಸ್ತ್ರಿ ಮಾಡುವುದು, ಬಚ್ಚಲು ತಿಕ್ಕುವುದು. ಒಬ್ಬಳು ಹಾಸಿಗೆಯ ಮೇಲೆ ಕೂದಲು ಸಿಕ್ಕಿತೆಂದು ಫೋಟೋ ತೆಗೆದು ಹಾಕಿದಳು. ಕೆಂಪು ಬಣ್ಣ ಹಚ್ಚಿದ ಕೂದಲು. ನಮ್ಮ ಮನೆಯಲ್ಲಿ ಕೂದಲಿಗೆ ಕೆಂಪು ಹಚ್ಚುವವರು ಯಾರೂ ಇಲ್ಲ. "ಅದು ಅವಳದೇ ಕೂದಲು ಕಣೇ," ಎಂದರೆ ನಾದಿನಿ, "ಇರಬಹುದು ಅತ್ತಿಗೆ. ಆದ್ರೆ ಗ್ರಾಹಕರ ಹತ್ರ ವಾದ ಮಾಡಿದ್ರೆ ಅಂಕಿ ಇನ್ನೂ ಇಳಿಯತ್ತೆ," ಎಂದಳು. ಕೊನೆಗೆ ಅವಳ ಕೂದಲಿಗೆ ನಾವು ಕ್ಷಮೆ ಕೇಳಿದೆವು.

ಉತ್ತರ ಕೊಡುವ ಕೆಲಸ ಮಗಳದು. ಕೇಳಿದ ಪ್ರಶ್ನೆಗೆ ಒಂದು ಗಂಟೆಯೊಳಗೆ ಉತ್ತರ ಹೋಗದಿದ್ದರೆ ಅದಕ್ಕೂ ಅಂಕ ಕಡಿತ. ಹಾಗಾಗಿ ಊಟದ ತಟ್ಟೆಯ ಪಕ್ಕ ಉಪ್ಪಿನ ಡಬ್ಬಿಯ ಹಾಗೆ ಫೋನು ಇರುತ್ತಿತ್ತು.

"ಬೆಳಿಗ್ಗೆ ಬಿಸಿಲು ಮುಖಕ್ಕೆ ಬೀಳತ್ತಾ ಅಂತ ಕೇಳ್ತಿದ್ದಾರೆ."

"ಸೂರ್ಯಂಗೆ ಹೇಳಿಟ್ಟಿದ್ದೀವಿ, ಎಂಟು ಗಂಟೆ ಮೇಲೆ ಹುಟ್ತಾನೆ ಅಂತ ಬರಿ," ಎಂದರು ನಮ್ಮವರು.

"ಅಣ್ಣ, ತಮಾಷೆ ಬೇಡ. ಪರದೆ ಇದೆ ಅಂತ ಬರಿ," ಎಂದಳು ನಾದಿನಿ.

"ಪರದೆ ಇಲ್ವಲ್ಲೇ," ಎಂದೆ.

"ನಾಳೆ ತಂದು ಹಾಕಿ ಅತ್ತಿಗೆ."

ಹೀಗೆ ಪರದೆ ಬಂತು, ಎರಡು ಎತ್ತರದ ದಿಂಬು ಬಂತು, ಕೆಟಲ್ ಬಂತು. ನನ್ನ ಕೈ ಬಿದ್ದುಹೋಗುತ್ತದೆ ಎಂದು ಜಗಳ ಆಡಿದ ಮೇಲೆ ಕಂತಿನಲ್ಲಿ ವಾಷಿಂಗ್ ಮೆಷಿನ್ನೂ ಬಂತು. ಕೋಣೆಯ ಬಟ್ಟೆಗೆಂದು ಮೆಷಿನ್ನು ತಂದದ್ದು. ಆಮೇಲೆ ಮೆಷಿನ್ನಿನ ಕಂತಿಗೆಂದು ಕೋಣೆ ಬೇಕಾಯಿತು.

ನಮ್ಮವರಿಗೆ ಬಸ್ ನಿಲ್ದಾಣದ ಹಿಂದೆ ಅಂಗಡಿ ಸಿಕ್ಕಿತು. ಹಿತ್ತಲಿನ ಸಾಮಾನೆಲ್ಲ ಅಲ್ಲಿಗೆ ಹೋಯಿತು. ಮೊದಲ ದಿನವೇ ಎರಡು ಫ್ರಿಜ್ ರಿಪೇರಿಗೆ ಬಂದವು. ಅವತ್ತು ಸಂಜೆ ಎಲ್ಲರೂ ಖುಷಿಯಾಗಿದ್ದಾಗ ಅತ್ತೆ ಚಹಾದ ಲೋಟ ಕೆಳಗಿಟ್ಟು ಹೇಳಿದರು:

"ಅಂಗಡಿ ಸಿಕ್ತಲ್ಲ. ಇನ್ನು ನಾನು ಮೇಲೆ ಹೋಗ್ತೀನಿ."

ಮಗಳು ಫೋನು ನೋಡಿದಳು. ನಮ್ಮವರು ಸ್ಕ್ರೂಡ್ರೈವರಿನಿಂದ ಉಗುರಿನ ಮಣ್ಣು ತೆಗೆಯತೊಡಗಿದರು.

"ಈ ಮೂರು ತಿಂಗಳ ಲೆಕ್ಕ ಮುಗೀಲಿ ಅಮ್ಮ," ಎಂದಳು ನಾದಿನಿ. "ಈಗ ನಿಲ್ಲಿಸಿದ್ರೆ ರ‍್ಯಾಂಕು ತಳಕ್ಕೆ ಹೋಗತ್ತೆ. ಮತ್ತೆ ಬೇಕು ಅಂದ್ರೆ ಮೇಲೆ ಬರೋಕೆ ವರ್ಷ ಬೇಕು."

"ಮತ್ತೆ ಯಾಕೆ ಬೇಕು?"

"ಬೇಕಾದ್ರೆ ಅಂತ."

"ನೀನೇನಂತೀಯೋ?" ಎಂದು ಅತ್ತೆ ಮಗನ ಕಡೆ ತಿರುಗಿದರು.

"ನೋಡೋಣ ಅಮ್ಮ," ಎಂದರು ನಮ್ಮವರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ನನ್ನನ್ನು ಅತ್ತೆ ಕೇಳಲಿಲ್ಲ. ಕೇಳಿದ್ದರೆ ನಾನೂ ಮೆಷಿನ್ನಿನ ಕಡೆ ನೋಡುತ್ತಿದ್ದೆನೋ ಏನೋ.

ಪರೀಕ್ಷೆಯ ಕಾಲ ಬಂತು. ಊರೂರು ತಿರುಗುವವರೆಲ್ಲ ಮನೆ ಹಿಡಿದರು. ಬುಕಿಂಗ್ ನಿಂತೇಹೋಯಿತು. ಅದೇ ಹೊತ್ತಿಗೆ ನಾದಿನಿಯನ್ನು ಆಫೀಸಿನವರು ಎರಡು ವಾರದ ತರಬೇತಿಗೆ ಬೇರೆ ಊರಿಗೆ ಕಳಿಸಿದರು. ಹೋದವಳು ಅಲ್ಲಿಂದ ದಿನಾ ಫೋನು ಮಾಡುತ್ತಿದ್ದಳು. "ಊಟ ಆಯ್ತಾ" ಅಲ್ಲ, "ಎಷ್ಟು ಭರ್ತಿಯಾಯ್ತು".

"ಏನೂ ಇಲ್ಲ," ಎಂದೆ.

"ಅತ್ತಿಗೆ, ಈ ತಿಂಗಳು ಅರ್ಧಕ್ಕಿಂತ ಕೆಳಗೆ ಹೋದ್ರೆ ಬ್ಯಾಡ್ಜ್ ಗ್ಯಾರಂಟಿ ಹೋಗತ್ತೆ."

"ಹೋದ್ರೆ ಹೋಗ್ಲಿ ಬಿಡು, ಅದನ್ನೇನು ಅರೆದು ಹಚ್ಕೋತೀವಾ?"

ಅವಳು ಅಣ್ಣನಿಗೆ ಫೋನು ಕೊಡಿ ಎಂದಳು. ನಮ್ಮವರು ಹೂಂ ಹೂಂ ಎಂದು ಕೇಳಿಸಿಕೊಂಡು ಇಟ್ಟರು. ಸ್ವಲ್ಪ ಹೊತ್ತು ಸೂರು ನೋಡುತ್ತ ಕೂತರು. ಅವರು ಹಾಗೆ ಕೂತಾಗಲೆಲ್ಲ ನನಗೆ ಭಯವಾಗುತ್ತದೆ. ಹಿಂದೊಮ್ಮೆ ಹಾಗೇ ಕೂತಿದ್ದು ಎದ್ದು ನಮ್ಮ ಮನೆಯ ಫ್ರಿಜ್ಜಿಗೆ ಸ್ಕೂಟರಿನ ಹಾರನ್ ಜೋಡಿಸಿದ್ದರು.

"ಅಲ್ಲ, ಯಾರೂ ಬುಕ್ ಮಾಡ್ತಿಲ್ಲ ಅಂದ್ರೆ ನಾವೇ ಮಾಡಿದ್ರೆ?" ಎಂದರು.

"ನಾವೇ ಅಂದ್ರೆ?"

"ಅಮ್ಮನ ಹೆಸರಲ್ಲಿ. ಅಮ್ಮನ ಹಳೇ ಫೋನಲ್ಲಿ ಒಂದು ಖಾತೆ ತೆಗೆಯೋದು. ಹತ್ತು ದಿನಕ್ಕೆ ಬುಕ್ ಮಾಡೋದು. ನಮ್ಮ ದುಡ್ಡು ನಮಗೇ ಬರತ್ತೆ, ಕಮಿಷನ್ನು ಹೋಗತ್ತೆ ಅಷ್ಟೆ. ಕೋಣೆ ಭರ್ತಿ ಆಗತ್ತೆ, ಅಮ್ಮ ಮೇಲೆ ಮಲಗಿದ ಹಾಗೂ ಆಗತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಮೀಟರತ್ತೆಗೆ ಹೇಳೋದಾ?" ಎಂದಳು ಮಗಳು.

"ಬೇಡ. ಅವಳು ರೂಲ್ಸ್ ಪುಸ್ತಕ ತೆಗೀತಾಳೆ."

ಅತ್ತೆಯನ್ನು ಒಪ್ಪಿಸುವುದು ಕಷ್ಟವಾಗಬಹುದು ಎಂದುಕೊಂಡಿದ್ದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ನಾನು ದುಡ್ಡು ಕೊಟ್ಟು ಬರೋಳು ಅಂತ ಆಯ್ತಲ್ಲ?"

"ಲೆಕ್ಕಕ್ಕೆ ಹಾಗೇ ಅಮ್ಮ."

"ಹಾಗಾದ್ರೆ ಬೇರೆಯವರಿಗೆ ಏನೇನು ಮಾಡ್ತೀರೋ ನನಗೂ ಮಾಡಬೇಕು."

ಮಾರನೇ ದಿನ ಅತ್ತೆ ಸೀರೆ ಬದಲಾಯಿಸಿ, ಚೀಲ ಹಿಡಿದು, ಹೊರಗೆ ಹೋಗಿ ಬೀದಿ ಸುತ್ತಿಕೊಂಡು ಬಂದು ಮಧ್ಯಾಹ್ನ ಸರಿಯಾಗಿ ಗಂಟೆ ಒತ್ತಿದರು. ಜಾಲತಾಣದಲ್ಲಿ ಮಧ್ಯಾಹ್ನದ ಮೇಲೆ ಪ್ರವೇಶ ಎಂದಿತ್ತಂತೆ. ಗುರುತಿನ ಚೀಟಿ ತೋರಿಸಿದರು. ನಾನು ನಗುವುದೋ ತಲೆ ಚಚ್ಚಿಕೊಳ್ಳುವುದೋ ತಿಳಿಯದೆ ಬೀಗದ ಕೈ ಕೊಟ್ಟೆ. ಮೇಲೆ ಹೋದ ಕಾಲು ಗಂಟೆಗೆ ಫೋನು ಬಂತು, ಟವೆಲು ಒಂದೇ ಇದೆ ಎಂದು.

"ಅತ್ತೆ, ನೀವಿರೋದು ಒಬ್ಬರೇ ಅಲ್ವಾ?"

"ಚಿತ್ರದಲ್ಲಿ ಎರಡು ತೋರಿಸಿದ್ದೀರಿ."

ಇನ್ನೊಂದು ಟವೆಲು ಹಿಡಿದು ಮೆಟ್ಟಿಲು ಹತ್ತಿದೆ. ಆದರೂ ಹೇಳಬೇಕು, ಆ ಹತ್ತು ದಿನ ಮನೆಯಲ್ಲಿ ಕೆಮ್ಮಿನ ಸದ್ದೇ ಇರಲಿಲ್ಲ. ಬೆಳಿಗ್ಗೆ ಅವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಊಟಕ್ಕೆ ಇಳಿದು ಬಂದಾಗ ಮುಖ ತೊಳೆದ ಹಾಗಿರುತ್ತಿತ್ತು. ನಮ್ಮವರು, "ನೋಡಿದೆಯಾ ನನ್ನ ಐಡಿಯಾ," ಎಂದು ಮೀಸೆ ತಿರುವಿಕೊಂಡರು. ಹತ್ತನೇ ದಿನ ಅತ್ತೆ ಹಾಸಿಗೆಯ ಬಟ್ಟೆಯನ್ನು ಮಡಿಸಿಟ್ಟು, ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, ಚೀಲ ಹಿಡಿದು ಕೆಳಗೆ ಬಂದು ದಿವಾನದ ಮೇಲೆ ಕೂತರು. ಬೇಡ, ಅಲ್ಲೇ ಇರಿ ಎಂದು ಯಾರಾದರೂ ಹೇಳಬಹುದೆಂದು ಕಾದಂತಿತ್ತು. ನಾವು ಯಾರೂ ಹೇಳಲಿಲ್ಲ. ಮರುದಿನಕ್ಕೆ ಯಾರೋ ನಿಜವಾದವರು ಬುಕ್ ಮಾಡಿದ್ದರು.

ಅತ್ತೆ ಕೋಣೆ ಬಿಟ್ಟ ಮೇಲೆ ಜಾಲತಾಣ ಸುಮ್ಮನಿರುತ್ತದೆಯೇ? ನಿಮ್ಮ ವಾಸ ಹೇಗಿತ್ತು, ಅಂಕ ಕೊಡಿ ಎಂದು ಅತ್ತೆಯ ಫೋನಿಗೆ ಕೇಳಿಕೊಂಡು ಬಂತು.

"ಕೊಡಿ ಅಜ್ಜಿ, ನಾನು ಐದು ಒತ್ತಿಬಿಡ್ತೀನಿ," ಎಂದಳು ಮಗಳು.

"ಯಾರ ಹೆಸರಲ್ಲಿ?"

"ನಿಮ್ಮ ಹೆಸರಲ್ಲೇ."

"ನನ್ನ ಹೆಸರಿನ ಅಂಕ ನಾನೇ ಹಾಕ್ತೀನಿ. ಇಷ್ಟು ವರ್ಷ ಯಾರಿಂದಲೂ ಹಾಕಿಸಿಲ್ಲ."

ಅಲ್ಲಿಗೇ ನಾವು ಎಚ್ಚರವಾಗಬೇಕಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಂಜೆ ಆ ಫೋನಿನ ಮುಂದೆ ಕೂತರು. ನಡುವೆ ಒಮ್ಮೆ, "ಇದ್ರಲ್ಲಿ ಅರ್ಧ ಇಲ್ವಾ?" ಎಂದು ಮೊಮ್ಮಗಳನ್ನು ಕೇಳಿದರು. ಇಲ್ಲ ಎಂದಳು. "ಹಾಗಾದ್ರೆ ಪೂರ್ತೀನೇ ಕಳೀಬೇಕು," ಎಂದರು. ಅವರು ಹಾಕಿದ್ದು ಮೂರು ನಕ್ಷತ್ರ. ಕೆಳಗೆ ಬರೆದದ್ದು ಇದು:

"ಕೋಣೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಬಿಸಿನೀರು ಬರುತ್ತದೆ. ಹಾಸಿಗೆ ಶುಭ್ರವಾಗಿದೆ; ಇದರ ಶ್ರೇಯಸ್ಸು ಮನೆಯ ಸೊಸೆಗೆ ಸೇರಬೇಕು, ಆಕೆಗೆ ಬಿಡುವಿಲ್ಲ. ಮನೆಯವರು ಅತಿಥಿಗಳೊಂದಿಗೆ ನಯವಾಗಿ ಮಾತನಾಡುತ್ತಾರೆ, ತಮ್ಮತಮ್ಮೊಳಗೆ ಹಾಗೆ ಮಾತನಾಡುವುದಿಲ್ಲ. ಇದು ಖಾಲಿ ಬಿದ್ದಿದ್ದ ಕೋಣೆಯಲ್ಲ. ಇಲ್ಲಿ ಒಬ್ಬ ಮುದುಕಿ ಇದ್ದಳು. ಅತಿಥಿಗಳು ಬಂದಾಗ ಆಕೆ ಹಾಲ್‌ನಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಮಲಗುತ್ತಾಳೆ. ಕೆಮ್ಮು ಕೇಳಿಸಿದರೆ ಅದು ಆಕೆಯದು. ಎರಡು ಅಂಕ ಕಳೆಯಲಾಗಿದೆ."

ತರಬೇತಿ ಮುಗಿಸಿ ಬಂದ ನಾದಿನಿ ಚಪ್ಪಲಿ ಕೂಡ ಬಿಡದೆ ಹಾಲ್‌ನ ನಡುವೆ ನಿಂತಳು.

"ಯಾರ ಐಡಿಯಾ ಇದು?"

ಎಲ್ಲರೂ ನಮ್ಮವರನ್ನು ನೋಡಿದೆವು.

"ಅಣ್ಣ, ತಮ್ಮ ಮನೇನ ತಾವೇ ಬುಕ್ ಮಾಡ್ಕೊಳ್ಳೋರನ್ನ ಹಿಡಿಯೋದಕ್ಕೆ ನಮ್ಮಲ್ಲಿ ಒಂದು ಜರಡಿ ಇದೆ. ಅದನ್ನ ಮಾಡಿದೋಳು ನಾನು. ಊರಿನೋರನ್ನೆಲ್ಲ ಹಿಡಿದಿದ್ದೀನಿ."

"ನಮ್ಮನ್ನ ಹಿಡೀತಾ?"

"ಇಲ್ಲ. ಅಮ್ಮನ ಗುರುತಿನ ಚೀಟೀಲಿ ಹಳೇ ಮನೆ ವಿಳಾಸ ಇದೆ."

"ದೀಪದ ಬುಡದಲ್ಲಿ ಕತ್ತಲೆ," ಎಂದರು ನಮ್ಮವರು. ಆ ಹೊತ್ತಿನಲ್ಲಿ ಆ ಗಾದೆ ಬೇಕಿರಲಿಲ್ಲ. ನಾದಿನಿ ಬ್ಯಾಗನ್ನು ದಿವಾನದ ಮೇಲೆ ಎಸೆದಳು. ಅಲ್ಲಿದ್ದ ಅತ್ತೆ ಸ್ವಲ್ಪ ಸರಿದರು.

"ಅಮ್ಮ, ಹೋಗ್ಲಿ, ನೀನಾದ್ರೂ ಐದು ಕೊಡಬಾರದಿತ್ತಾ? ಮೂರು! ನಮ್ಮ ಮನೆಗೆ ಯಾರೂ ಮೂರು ಕೊಟ್ಟಿರಲಿಲ್ಲ."

"ಮೂರು ಅಂದ್ರೆ ಫಸ್ಟ್ ಕ್ಲಾಸು."

"ಬದಲಾಯಿಸು. ಎರಡು ದಿನ ಟೈಮ್ ಇದೆ, ತಿದ್ದಬಹುದು."

"ಹಾಕಿದ ಅಂಕ ತಿದ್ದೋಳಲ್ಲ ನಾನು. ಮರುಮೌಲ್ಯಮಾಪನ ಬೇಕಾದ್ರೆ ಅರ್ಜಿ ಹಾಕು, ಬೇರೆ ಟೀಚರ್ ನೋಡ್ತಾರೆ."

"ಅತ್ತಿಗೆ, ನೀವಾದ್ರೂ ಹೇಳಿ."

"ನಾನೇನು ಹೇಳ್ಲಿ? ಬರೆದದ್ದರಲ್ಲಿ ಸುಳ್ಳು ಯಾವುದು, ಅದನ್ನ ಮೊದಲು ನೀನು ಹೇಳು," ಎಂದೆ. ನನಗೇ ಗೊತ್ತಿಲ್ಲದೆ ದನಿ ಏರಿತ್ತು.

ಅವಳು ಅಡುಗೆಮನೆಗೆ ಬಂದು ನೀರು ಕುಡಿದಳು. ಬಿಸಿ ತುಪ್ಪದ ಕಥೆಯಾಗಿತ್ತು ಅವಳದು. ಅಮ್ಮ ನಿಜವಾದ ಗ್ರಾಹಕಳಲ್ಲ ಎಂದು ಆಫೀಸಿಗೆ ಹೇಳಿದರೆ ಬರೆದದ್ದು ಅಳಿಸಿಹೋಗುತ್ತದೆ, ಜೊತೆಗೆ ನಮ್ಮ ಮನೆಯೂ ಜಾಲತಾಣದಿಂದ ಹೋಗುತ್ತದೆ. ಹೇಳದಿದ್ದರೆ ಮೂರು ನಕ್ಷತ್ರ ಅಲ್ಲೇ ಕೂತಿರುತ್ತದೆ. ಅವಳು ಹೇಳಲಿಲ್ಲ. ವಾರವಿಡೀ ತಾಯಿ ಮಗಳು ಒಬ್ಬರಿಗೊಬ್ಬರು ಬೇಕಾದದ್ದನ್ನು ನನ್ನ ಮೂಲಕ ಕೇಳಿಕೊಂಡರು. "ಅವಳಿಗೆ ಉಪ್ಪು ಕೊಡು." "ಅಮ್ಮಂಗೆ ಹೇಳಿ, ಮಾತ್ರೆ ತಗೊಳ್ಳೋ ಹೊತ್ತಾಯ್ತು." ನಾನು ಪೋಸ್ಟ್ ಆಫೀಸ್ ಆದೆ.

ಬ್ಯಾಡ್ಜ್ ಹೋಯಿತು. ರ‍್ಯಾಂಕು ಇಳಿಯಿತು. ನಾನು ಮನಸ್ಸಿನಲ್ಲೇ, ಸದ್ಯ, ಇನ್ನು ಯಾರೂ ಬರುವುದಿಲ್ಲ, ಅತ್ತೆಗೆ ಕೋಣೆ ಸಿಗುತ್ತದೆ ಎಂದುಕೊಂಡೆ. ಆಗ ಶುರುವಾಯಿತು ನೋಡಿ ಬುಕಿಂಗು.

ಅತ್ತೆ ಬರೆದದ್ದರ ಫೋಟೋವನ್ನು ಯಾರೋ ತೆಗೆದು ಹಂಚಿದ್ದರಂತೆ. ಎಲ್ಲ ಕಡೆ "ಅದ್ಭುತ, ಸ್ವರ್ಗ, ಮತ್ತೆ ಬರುತ್ತೇವೆ" ಎಂದು ಓದಿ ಓದಿ ಬೇಸತ್ತಿದ್ದವರಿಗೆ ಈ ಒಂದು ಮನೆಯ ಬಗ್ಗೆ ಮಾತ್ರ ನಿಜ ಬರೆದಿದ್ದಾರೆ ಅನ್ನಿಸಿತಂತೆ. ಗಾಳಿ ಬೆಳಕು ಚೆನ್ನಾಗಿದೆ ಅಂದರೆ ಚೆನ್ನಾಗಿಯೇ ಇರಬೇಕು. ದಿನಕ್ಕೆ ಎರಡು, ಮೂರು ಬುಕಿಂಗು. ಎರಡು ತಿಂಗಳ ಮುಂದಿನವರೆಗೆ ಒಂದು ದಿನವೂ ಖಾಲಿ ಉಳಿಯಲಿಲ್ಲ.

ನಾದಿನಿ ಲ್ಯಾಪ್‌ಟಾಪು ಮುಂದಿಟ್ಟುಕೊಂಡು ತಲೆ ಕೆರೆದುಕೊಂಡಳು. "ಅಂಕಿ ಇಳಿದಿದೆ, ಬುಕಿಂಗ್ ಏರಿದೆ. ಇದು ಆಗೋಕೆ ಸಾಧ್ಯಾನೇ ಇಲ್ಲ." ಮರುದಿನ ಆಫೀಸಿನಲ್ಲಿ ಅದರ ಬಗ್ಗೆ ಮೀಟಿಂಗು ಮಾಡಿದರಂತೆ. ಸಂಜೆ ಅವಳು ಹಾರಿಕೊಂಡೇ ಬಂದಳು. ವಾರದ ಮೇಲೆ ಮೊದಲ ಸಲ ತಾಯಿಯ ಜೊತೆ ನೇರ ಮಾತಾಡಿದಳು.

"ಅಮ್ಮ, ನೀನು ಬರೆದದ್ದನ್ನ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೀನಿ. ಇನ್ನೊಂದು ಸಲ ಬುಕ್ ಮಾಡಿ ಇನ್ನೊಂದು ಬರೀತೀಯಾ?"

ಅತ್ತೆ ಅವಳ ಮುಖವನ್ನೇ ನೋಡಿದರು. ತಮಗೆ ನೋವಾಗಿದೆ ಎಂದು ಅವರು ತಮಗೆ ಬರುವ ಒಂದೇ ರೀತಿಯಲ್ಲಿ ಹೇಳಿದ್ದರು, ಅಂಕ ಕಳೆದು. ಅದನ್ನೇ ನಾವು ಅಂಗಡಿಯ ಬೋರ್ಡು ಮಾಡಿ ನೇತುಹಾಕಿದ್ದೆವು. ನನಗೆ ಕೈಗೆ ಸಿಕ್ಕಿದ್ದನ್ನು ಎತ್ತಿ ಒಗೆಯಬೇಕೆನಿಸಿತು. ಸಿಕ್ಕಿದ್ದು ಮತ್ತೆ ಹಾಸಿಗೆ ಬಟ್ಟೆ. ಮೆಷಿನ್ನಿಗೆ ಹಾಕಿದೆ.

ಅತ್ತೆ ಆಮೇಲೆ ಕೋಣೆಯ ಮಾತೇ ಎತ್ತಲಿಲ್ಲ. ಬಂದವರು ಒಳಗೆ ಕಾಲಿಡುತ್ತಲೇ, "ನೀವೇನಾ ಆ ಅಜ್ಜಿ?" ಎಂದು ಕೇಳುತ್ತಿದ್ದರು. ಒಂದಿಬ್ಬರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಮೇಲೆ ಹೋಗಿ, ಅವರ ಮಂಚದ ಮೇಲೆ ಮಲಗಿದರು. ಅತ್ತೆಯ ಕೆಮ್ಮು ಜೋರಾಯಿತು. ಈಗ ಅದಕ್ಕೆ ಯಾರೂ ಅಂಕ ಕಳೆಯುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಸಂಜೆಗೆ ಗಂಡ ಹೆಂಡತಿ ಇಬ್ಬರು ಬರುವವರಿದ್ದರು. ತಟ್ಟೆಯ ಪಕ್ಕದಲ್ಲಿದ್ದ ಫೋನು ಸದ್ದು ಮಾಡಿತು. ಮಗಳು ನೋಡಿದಳು.

"ಏನಂತೆ?" ಎಂದಳು ನಾದಿನಿ.

"ಇವತ್ತು ಬರೋರು. 'ನಾವು ಬಂದರೆ ಆ ಅಜ್ಜಿ ಎಲ್ಲಿ ಮಲಗುತ್ತಾರೆ? ದಯವಿಟ್ಟು ತಿಳಿಸಿ' ಅಂತ ಕೇಳಿದ್ದಾರೆ."

ಒಬ್ಬರ ತುತ್ತೂ ಬಾಯಿಗೆ ಹೋಗಲಿಲ್ಲ. ಮನೆಯಲ್ಲಿ ಇಷ್ಟು ತಿಂಗಳು ನಾವು ಯಾರೂ ಕೇಳದ ಪ್ರಶ್ನೆಯನ್ನು ಮುಖ ಕಾಣದ ಯಾರೋ ಕೇಳಿದ್ದರು. ಅದಕ್ಕೆ ಒಂದು ಗಂಟೆಯೊಳಗೆ ಉತ್ತರ ಹೋಗಬೇಕಿತ್ತು.

"ಏನಂತ ಬರೀಲಿ?"

"ಏನಾದ್ರೂ ಬರಿ," ಎಂದಳು ನಾದಿನಿ.

"ಏನಾದ್ರೂ ಅಂದ್ರೆ ಏನು ಅತ್ತೆ?" ಅವತ್ತು ಮಗಳು ಮೀಟರತ್ತೆ ಅನ್ನಲಿಲ್ಲ.

"ನೋಡೋಣ, ಊಟ ಆಗ್ಲಿ," ಎಂದರು ನಮ್ಮವರು.

ಆಗ ಅತ್ತೆ ತಟ್ಟೆಯಿಂದ ತಲೆ ಎತ್ತದೆ ಹೇಳಿದರು. "ಬರಿ ಮಗಾ. ಅಜ್ಜಿಗೆ ಕೆಳಗೆ ಒಳ್ಳೇ ಕೋಣೆ ಇದೆ, ಆರಾಮಾಗಿದ್ದಾರೆ ಅಂತ ಬರಿ. ಅವರಿಗೂ ಸಮಾಧಾನ, ನಿಮಗೂ ಆಯ್ತು."

ಮಗಳು ಬರೆಯಲು ಬೆರಳು ಎತ್ತಿದಳು. ನಾನು ಬಾಯಿ ತೆರೆಯುವ ಮೊದಲೇ ನಾದಿನಿ ಕೈ ಚಾಚಿ ಫೋನು ಕಿತ್ತುಕೊಂಡಳು.

"ಬೇಡ."

"ಯಾಕೆ? ತಡ ಆದ್ರೆ ಅಂಕ ಹೋಗಲ್ವಾ?" ಎಂದರು ಅತ್ತೆ. ಚುಚ್ಚಲು ಹೇಳಿದ ಮಾತಲ್ಲ, ನಿಜವಾಗಿಯೇ ಕೇಳಿದ್ದರು.

"ಹತ್ತನೇ ಕ್ಲಾಸಲ್ಲಿ ಅರ್ಧ ಮಾರ್ಕಿಗೆ ನನ್ನ ಮೊದಲನೇ ಸ್ಥಾನ ಹೋಯ್ತು. ಸ್ಕೂಲೆಲ್ಲ ಬಂದು ಕೇಳಿದ್ರೂ ನೀನು ಕೊಡಲಿಲ್ಲ," ಎಂದಳು ನಾದಿನಿ. "ಈಗ ಯಾರೋ ಗುರುತಿಲ್ಲದೋರಿಗೆ ಸುಳ್ಳು ಬರಿ ಅಂತೀಯಲ್ಲ ಅಮ್ಮ. ನಮಗೋಸ್ಕರ."

ಅತ್ತೆಗೆ ಕೆ‌ಮ್ಮು ಬಂತು, ಟವೆಲಿಗೆ ತಡಕಾಡಿದರು. ನಮ್ಮವರು ಎದ್ದರು. ಎಂಜಲು ಕೈಯನ್ನು ಅಂಗಿಗೇ ಒರೆಸಿಕೊಂಡು, ದಿವಾನದ ಮೇಲಿದ್ದ ಹಾಸಿಗೆ ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನೋಡೋಣ ಎಂದ ಮೇಲೆ ಅವರು ಏನನ್ನಾದರೂ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ಕೈ ತೊಳೆದು ಅವರ ಹಿಂದೆ ಹೋದರು. ಹಿಂತಿರುಗಿ ನೋಡಲಿಲ್ಲ.

ನಾದಿನಿ ಬುಕಿಂಗುಗಳನ್ನು ರದ್ದು ಮಾಡಲು ಕೂತಳು. ರದ್ದು ಮಾಡಲು ಕಾರಣ ಕೇಳುತ್ತಿತ್ತು. ರಿಪೇರಿ, ಅನಾರೋಗ್ಯ, ತಾರೀಖು ತಪ್ಪಾಗಿದೆ, ನೀರಿನ ತೊಂದರೆ, ಇತರೆ. ಅವಳ ಬೆರಳು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿತು.

"ಸಿಗ್ತಿಲ್ವಾ?" ಎಂದೆ.

"ಎಲ್ಲ ಕಾರಣಾನೂ ಇದೆ ಅಂದ್ಕೊಂಡಿದ್ದೆ ಅತ್ತಿಗೆ. ಈ ಪಟ್ಟಿ ನಾನೇ ಮಾಡಿದ್ದು."

ಕೊನೆಗೆ ಇತರೆ ಒತ್ತಿದಳು. ವಿವರಿಸಿ ಎಂದು ಒಂದು ಡಬ್ಬಿ ತೆರೆದುಕೊಂಡಿತು. ಕೋಣೆ ನಮ್ಮ ಅಮ್ಮನದು ಎಂದು ಬರೆದಳು. ಒಂದಾದ ಮೇಲೆ ಒಂದು, ಅಷ್ಟೂ ಬುಕಿಂಗಿಗೆ ಅದನ್ನೇ ಬರೆದಳು. ಮೆಷಿನ್ನಿನ ಕಂತು ನೆನಪಾದದ್ದು ನಿಜ, ಆದರೆ ನಿಲ್ಲಿಸು ಎನ್ನಲಿಲ್ಲ.

ಊಟ ಅರ್ಧಕ್ಕೇ ಬಿಟ್ಟು ಹೋಗಿದ್ದರಲ್ಲ ಎಂದು ಅತ್ತೆಗೆ ತಟ್ಟೆ ತೆಗೆದುಕೊಂಡು ಮೇಲೆ ಹೋದೆ. ನಮ್ಮವರು ಬಾಲ್ಕನಿಯ ಕುರ್ಚಿ ಒರೆಸಿಟ್ಟು ಅಷ್ಟರಲ್ಲಿ ಇಳಿದುಬಂದಿದ್ದರು. ಬಾಗಿಲು ಹಾಕಿತ್ತು. ತಳ್ಳಿದೆ, ತೆರೆಯಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು.

"ಅತ್ತೆ, ನಾನು. ಊಟ ತಂದಿದ್ದೀನಿ."

"ಅಲ್ಲೇ ಇಡಮ್ಮ," ಎಂದರು. ಬಾಗಿಲಿಗೆ ಒರಗಿಕೊಂಡೇ ನಿಂತಿದ್ದಾರೆಂದು ದನಿಯಲ್ಲೇ ಗೊತ್ತಾಗುತ್ತಿತ್ತು. "ನೀನು ಕೆಳಗೆ ಹೋದ ಮೇಲೆ ತಗೋತೀನಿ."